ಡೈಮೆನ್ಷನ್ ಎರಡೋ, ಒಂದೋ? ಮೊದಲು ಫೀಲ್ಡ್ ಕೇಳಿ

ಬಸವನಗುಡಿಯ ನಮ್ಮ ಮನೆಗೆ ಸಂಜೆ ಹೊತ್ತು ಬಿ.ಎಸ್ಸಿ. ಹುಡುಗರು ಲೆಕ್ಕ ಹೇಳಿಸಿಕೊಳ್ಳಲು ಬರುತ್ತಾರೆ. ಸಂಕೀರ್ಣ ಸಂಖ್ಯೆಗಳ (3+4ಐ ಥರದವು, ಐ ವರ್ಗ ಮಾಡಿದರೆ −1) ವೆಕ್ಟರ್ ಸ್ಪೇಸ್‌ಗೆ, ಅಂದರೆ ಒಂದಕ್ಕೊಂದು ಕೂಡಿಸಿ, ಸ್ಕೇಲರ್‌ನಿಂದ ಗುಣಿಸಬಹುದಾದ ಗುಂಪಿಗೆ, ಡೈಮೆನ್ಷನ್ ಎಷ್ಟು ಅಂದರೆ ಸಾಕು, ‘ಎರಡು ಸಾರ್’ ಅನ್ನುತ್ತಾರೆ. ಸ್ಕೇಲರ್‌ಗಳು, ಅಂದರೆ ಗುಣಿಸಲು ಬಳಸುವ ಸಂಖ್ಯೆಗಳು, ಯಾವುವು ಅಂತ ನಾನಿನ್ನೂ ಹೇಳಿಯೇ ಇರುವುದಿಲ್ಲ.

ಹಂತ 1: ಹಾಳೆಯ ಮೇಲ್ಗಡೆ ಫೀಲ್ಡ್, ಅಂದರೆ ಸ್ಕೇಲರ್‌ಗಳನ್ನು ಆರಿಸುವ ಸಂಖ್ಯೆಗಳ ಗುಂಪು, ಯಾವುದು ಅಂತ ಬರೆಯಿರಿ. ಪೆನ್ಸಿಲ್ ಬೇಡ, ಪೆನ್ನಲ್ಲೇ. ಅವೆನ್ಯೂ ರಸ್ತೆಯಲ್ಲಿ ಸಿಗುವ ಕೆಲವು ತೆಳು ಗೈಡ್‌ಗಳಲ್ಲಿ ಫೀಲ್ಡ್ ಹೇಳದೆ ಉತ್ತರ ಮಾತ್ರ ಅಚ್ಚಾಗಿರುತ್ತದೆ. ಅವನ್ನು ಕೊಳ್ಳಬೇಡಿ, ಆ ದುಡ್ಡಿಗೆ ದೋಸೆ ತಿನ್ನಿ.

ಹಂತ 2: ಬೇಸಿಸ್ ಅಂದರೆ ಸ್ಕೇಲರ್‌ಗಳಿಂದ ಗುಣಿಸಿ, ಕೂಡಿಸಿ ಉಳಿದೆಲ್ಲವನ್ನೂ ಕಟ್ಟಲು ಸಾಕಾಗುವ, ಒಂದೂ ಜಾಸ್ತಿಯಿಲ್ಲದ ಪಟ್ಟಿ. ಅದರಲ್ಲಿ ಎಷ್ಟಿವೆಯೋ ಅಷ್ಟೇ ಡೈಮೆನ್ಷನ್. ಫೀಲ್ಡ್ ವಾಸ್ತವ ಸಂಖ್ಯೆಗಳಾದರೆ ಬೇಸಿಸ್ 1 ಮತ್ತು ಐ. ಜಯನಗರದ ವಿಳಾಸದ ಹಾಗೆ: ಎಷ್ಟನೇ ಮೇನ್, ಎಷ್ಟನೇ ಕ್ರಾಸ್, ಎರಡೂ ಬೇಕು. 3+4ಐ ಅಂದರೆ 1ರ ಕಡೆ 3, ಐ ಕಡೆ 4. ಡೈಮೆನ್ಷನ್ 2. 1+ಐ, 1−ಐ ಜೋಡಿಯೂ ನಡೆಯುತ್ತದೆ. ನಾನು ಮಾತ್ರ ಬಳಸುವುದಿಲ್ಲ, ಸುಮ್ನೆ ತಲೆನೋವು.

ಹಂತ 3: ಎಡವುವುದು ಇಲ್ಲೇ. ಫೀಲ್ಡನ್ನೂ ಸಂಕೀರ್ಣ ಸಂಖ್ಯೆಗಳೇ ಅಂತ ಇಟ್ಟುಕೊಳ್ಳಿ. ಹುಡುಗರು ಹಳೇ ಅಭ್ಯಾಸದಲ್ಲಿ ಮತ್ತೆ 1, ಐ ಎರಡನ್ನೂ ಬೇಸಿಸ್ ಅಂತ ಬರೆಯುತ್ತಾರೆ. ಪರೀಕ್ಷಿಸಿ ನೋಡಿ. ಸ್ಕೇಲರ್ ಆಗಿ ಐ ಮತ್ತು −1 ತೆಗೆದುಕೊಳ್ಳಿ. 1ನ್ನು ಐ ಇಂದ ಗುಣಿಸಿ, ಐ ಅನ್ನು −1 ಇಂದ ಗುಣಿಸಿ, ಕೂಡಿಸಿ. ಸೊನ್ನೆ! ಸ್ಕೇಲರ್‌ಗಳು ಸೊನ್ನೆಯಲ್ಲ, ಮೊತ್ತ ಸೊನ್ನೆ. ಅಂದರೆ ಎರಡೂ ಒಂದಕ್ಕೊಂದು ಅಂಟಿಕೊಂಡಿವೆ, ಒಂದು ಜಾಸ್ತಿಯಾಯಿತು.

ಯಾಕೆ ಹೀಗೆ? ವಾಸ್ತವ ಸ್ಕೇಲರ್ ಸ್ಟೀರಿಂಗ್ ಇಲ್ಲದ ಗಾಡಿ ಇದ್ದಂತೆ. ಮುಂದೆ ಹೋದೀತು, ರಿವರ್ಸ್ ಬಂದೀತು, ಕ್ರಾಸ್‌ಗೆ ತಿರುಗಲಾರದು. ಐ ಇಂದ ಗುಣಿಸಿದರೆ 90 ಡಿಗ್ರಿ ತಿರುಗುತ್ತದೆ. ಈಗ ಸ್ಕೇಲರಿಗೇ ಸ್ಟೀರಿಂಗ್ ಇದೆ. 1 ಒಂದೇ ಇದ್ದರೆ ಊರೆಲ್ಲ ಸುತ್ತಬಹುದು, ಅಲ್ವಾ? 3+4ಐ ಬೇಕಾದರೆ 1ನ್ನು 3+4ಐ ಇಂದಲೇ ಗುಣಿಸಿದರಾಯಿತು. ಡೈಮೆನ್ಷನ್ 1. ಬೇಸಿಸ್‌ಗೆ 1ರ ಬದಲು ಐ ಇಟ್ಟರೂ ಸರಿ, 7 ಇಟ್ಟರೂ ಸರಿ. ಸೊನ್ನೆ ಮಾತ್ರ ಬೇಡ.

ಒಂದು ಅಡ್ಡದಾರಿ ಹೇಳುತ್ತೇನೆ. ಸಂಕೀರ್ಣ ಫೀಲ್ಡ್ ಮೇಲಿನ ಡೈಮೆನ್ಷನ್ ಗೊತ್ತಿದ್ದರೆ ಎರಡರಿಂದ ಗುಣಿಸಿ, ವಾಸ್ತವ ಫೀಲ್ಡ್ ಮೇಲಿನದು ಸಿಗುತ್ತದೆ. 3 ಇದ್ದದ್ದು 6 ಆಗುತ್ತದೆ.

ಹಂತ 4: ಫೀಲ್ಡ್ ಭಾಗಲಬ್ಧ ಸಂಖ್ಯೆಗಳಾದರೆ ಡೈಮೆನ್ಷನ್ ಅನಂತ. ಭಾಗಲಬ್ಧ ಸಂಖ್ಯೆಗಳನ್ನು ಒಂದು, ಎರಡು, ಮೂರು ಅಂತ ಸಾಲಾಗಿ ನಿಲ್ಲಿಸಬಹುದು. ಬೇಸಿಸ್‌ನಲ್ಲಿ ಹತ್ತೋ ನೂರೋ ಇದ್ದಿದ್ದರೆ ಸಂಕೀರ್ಣ ಸಂಖ್ಯೆಗಳನ್ನೂ ಹಾಗೆ ನಿಲ್ಲಿಸಬಹುದಿತ್ತು. ವಾಸ್ತವ ಸಂಖ್ಯೆಗಳನ್ನೇ ಹಾಗೆ ನಿಲ್ಲಿಸಲಾಗದು ಅಂತ ಗಣಿತಜ್ಞ ಕ್ಯಾಂಟರ್ 1874ರಲ್ಲೇ ಸಾಧಿಸಿದ್ದಾರೆ. ಆ ಬೇಸಿಸ್‌ನ ಪಟ್ಟಿ ಮಾಡಲು ಮಾತ್ರ ಕೂರಬೇಡಿ. ಅದೂ ಸಾಲಿಗೆ ಬರುವಂಥದ್ದಲ್ಲ.