ಮೆಲ್ಬರ್ನ್ ಸ್ಟೇಟ್ ಲೈಬ್ರರಿ: ರೈಲು ಹತ್ತುವ ಮೊದಲು ಪುಸ್ತಕ ಎಲ್ಲಿದೆ ನೋಡಿ

ಹೋದ ತಿಂಗಳು ಪರಿಚಯದ ಹುಡುಗಿಯೊಬ್ಬಳು ಗೀಲಾಂಗ್‌ನಿಂದ ರಜೆ ಹಾಕಿ ಮೆಲ್ಬರ್ನ್‌ಗೆ ಬಂದಿದ್ದಳು. ಬೇಕಾದ ಪುಸ್ತಕ ಸ್ವಾನ್‌ಸ್ಟನ್ ಸ್ಟ್ರೀಟಿನ ಸ್ಟೇಟ್ ಲೈಬ್ರರಿಯಲ್ಲಿ ಇದೆ ಅಂತ ಕ್ಯಾಟಲಾಗ್ ತೋರಿಸಿತ್ತು. ಸಂಜೆ ಬರಿಗೈಯಲ್ಲಿ ರೈಲು ಹತ್ತಿದಳು. ನಾನೂ ಹೊಸದರಲ್ಲಿ ಇದೇ ತಪ್ಪು ಮಾಡಿದ್ದೆ, ಅದೂ ಎರಡು ಸಲ.

ಈ ಲೈಬ್ರರಿಯ ಎಲ್ಲ ಪುಸ್ತಕಗಳೂ ಆ ಕಟ್ಟಡದಲ್ಲಿ ಇಲ್ಲ. ಕಪಾಟಿನಲ್ಲಿ ಕಾಣುವುದು ಸ್ವಲ್ಪ ಮಾತ್ರ. ಒಂದಷ್ಟು ಒಳಗಿನ ಉಗ್ರಾಣದಲ್ಲಿದೆ. ಇನ್ನೊಂದಷ್ಟು ನೂರು ಕಿಲೋಮೀಟರಿಗಿಂತ ಜಾಸ್ತಿ ದೂರದ ಬ್ಯಾಲರಾಟ್‌ನಲ್ಲಿದೆ. ಅಲ್ಲಿಂದ ತರಿಸಲು ದಿನಗಳೇ ಬೇಕು. ನನಗೆ ಬೇಕಿದ್ದದ್ದು ಒಂದು ಹಳೆಯ ನೀರಾವರಿ ವರದಿ. ಮೊದಲ ಸಲ ಏನೂ ಹೇಳದೆ ಹೋದೆ. ಎರಡನೇ ಸಲ ಆನ್‌ಲೈನ್‌ನಲ್ಲಿ ಕೇಳಿಕೊಂಡೆ, ಆದರೆ ಮರುದಿನವೇ ಹೊರಟುಬಿಟ್ಟೆ. ಎರಡು ದಿನದ ರಜೆ, ಎರಡು ಸಲದ ರೈಲು ಖರ್ಚು ಹೋಯಿತು.

ಆದ್ದರಿಂದ ಮೊದಲು ಮನೆಯಲ್ಲೇ ಕೂತು ಸದಸ್ಯರಾಗಿ. ದುಡ್ಡು ಕೊಡಬೇಕಿಲ್ಲ. ಕ್ಯಾಟಲಾಗ್‌ನಲ್ಲಿ ಹೆಸರು ಸಿಕ್ಕಿದ ತಕ್ಷಣ ಖುಷಿಪಡಬೇಡಿ, ಅದರ ಕೆಳಗೆ ಎಲ್ಲಿಟ್ಟಿದ್ದಾರೆ ಅಂತ ಬರೆದಿರುತ್ತದೆ, ಅದನ್ನು ಓದಿ. ಉಗ್ರಾಣದ್ದಾದರೆ ಅಲ್ಲೇ ಬೇಡಿಕೆ ಹಾಕಿ. ಪುಸ್ತಕ ಬಂದಿದೆ ಅಂತ ಅವರು ತಿಳಿಸುವವರೆಗೆ ರಜೆ ಹಾಕಬೇಡಿ, ಟಿಕೆಟ್ ತೆಗೆಯಬೇಡಿ. ಎಷ್ಟು ಅವಸರವಿದ್ದರೂ ಸರಿ.

ಇನ್ನೊಂದು ಮಾತು. ಪುಸ್ತಕ ಮನೆಗೆ ಕೊಡುವುದಿಲ್ಲ, ಅಲ್ಲೇ ಕೂತು ಓದಬೇಕು. ಮನೆಗೆ ಬೇಕಿದ್ದರೆ ನಿಮ್ಮ ಕೌನ್ಸಿಲ್ (ಸ್ಥಳೀಯ ಆಡಳಿತ) ಲೈಬ್ರರಿಗೆ ಹೋಗಿ. ಅಲ್ಲಿ ನಮ್ಮೂರಿನ ಹಾಗೆ ಠೇವಣಿ ಕಟ್ಟುವ ಕೆಲಸವಿಲ್ಲ. ಈ ವಿಷಯದಲ್ಲಿ ಇಲ್ಲಿಯ ವ್ಯವಸ್ಥೆಯೇ ವಾಸಿ ಅನ್ನುತ್ತೇನೆ. ಆದರೆ ನಮ್ಮೂರ ಬಡಾವಣೆಯ ಶಾಖಾ ಗ್ರಂಥಾಲಯದಲ್ಲಿ ಬೆಳಿಗ್ಗೆ ಕನ್ನಡ ಪೇಪರಿಗಾಗಿ ಸೇರುವ ಹಿರಿಯರ ಗುಂಪು ಇಲ್ಲಿ ಎಲ್ಲಿ ಸಿಗಬೇಕು?

ಓದುವುದಕ್ಕೆ ಯಾರು ಬೇಕಾದರೂ ಒಳಗೆ ಬರಬಹುದು ಅನ್ನುವುದು ಇಲ್ಲಿ ಮೊದಲಿನಿಂದಲೂ ಇದೆ. 1854ರಲ್ಲಿ ಅಡಿಗಲ್ಲು ಹಾಕಿ, 1856ರಲ್ಲಿ ಬಾಗಿಲು ತೆರೆದರು. ಮುಂದೆ ನಿಂತು ಕಟ್ಟಿಸಿದವರು ನ್ಯಾಯಾಧೀಶ ರೆಡ್ಮಂಡ್ ಬ್ಯಾರಿ. 14 ವರ್ಷ ದಾಟಿರಬೇಕು, ಕೈ ಶುಭ್ರವಾಗಿರಬೇಕು, ಆಗ ಕೇಳುತ್ತಿದ್ದದ್ದು ಅಷ್ಟೇ. 1880ರಲ್ಲಿ ದರೋಡೆಕೋರ ನೆಡ್ ಕೆಲ್ಲಿಗೆ ಗಲ್ಲು ಶಿಕ್ಷೆ ಕೊಟ್ಟವರೂ ಈ ಬ್ಯಾರಿಯವರೇ. ಕೆಲ್ಲಿ ತೊಟ್ಟಿದ್ದ ಕಬ್ಬಿಣದ ಕವಚ ಈಗ ಇದೇ ಲೈಬ್ರರಿಯಲ್ಲಿದೆ. 1913ರಲ್ಲಿ ತೆರೆದ ಎಂಟು ಮೂಲೆಯ ಗುಮ್ಮಟದ ಕೋಣೆಯಲ್ಲಿ ಒಂದು ಗಂಟೆ ಸುಮ್ನೆ ಕೂತು ಬನ್ನಿ. ಮೇಲಿಂದ ಬೆಳಕು ಇಳಿಯುತ್ತದೆ, ಅಷ್ಟು ಜನ ಇದ್ದರೂ ಸದ್ದೇ ಇರುವುದಿಲ್ಲ.

ದುಡ್ಡು ಉಳಿಸುವ ದಾರಿಯೂ ಇದೆ. ನಮ್ಮ ಗೆಳೆಯರೊಬ್ಬರು ಜರ್ನಲ್ ಲೇಖನಗಳಿಗೆ ಒಂದೊಂದಕ್ಕೂ ಡಾಲರ್ ಕೊಟ್ಟು ಓದುತ್ತಿದ್ದರು. ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದಲ್ಲಿ ವಾಸವಿರುವ ಸದಸ್ಯರು ಲೈಬ್ರರಿಯ ಎಷ್ಟೋ ಡೇಟಾಬೇಸ್‌ಗಳನ್ನು ಮನೆಯಿಂದಲೇ ಬಿಟ್ಟಿಯಾಗಿ ತೆರೆಯಬಹುದು. ದುಡ್ಡು ಕೊಡಲು ಕಾರ್ಡ್ ಹಿಡಿಯುವ ಮೊದಲು ಅಲ್ಲಿ ಹುಡುಕಿ ನೋಡಿ.

ಕನ್ನಡ ಸಂಘಗಳವರಿಗೆ ಒಂದು ಕಿವಿಮಾತು. ವಿಕ್ಟೋರಿಯಾದಲ್ಲಿ ಪ್ರಕಟವಾದ ಪುಸ್ತಕ, ಪತ್ರಿಕೆಗಳ ಒಂದು ಪ್ರತಿಯನ್ನು ಈ ಲೈಬ್ರರಿಗೆ ಕೊಡಬೇಕು ಅನ್ನುವುದು ಕಾನೂನು. ರಾಜ್ಯೋತ್ಸವಕ್ಕೆ ಸ್ಮರಣ ಸಂಚಿಕೆ ಅಚ್ಚು ಹಾಕಿಸಿ ಹಂಚುತ್ತೀರಿ ಅಲ್ವಾ? ಮುಂದಿನ ವರ್ಷ ಮನೆ ಬದಲಾಯಿಸುವಾಗ ಅದು ರದ್ದಿಗೆ ಹೋಗುತ್ತದೆ. ಲೈಬ್ರರಿಗೆ ಕೊಟ್ಟರೆ ಜೋಪಾನವಾಗಿ ಉಳಿಯುತ್ತದೆ. ಇಲ್ಲೇ ಹುಟ್ಟಿದ ನಮ್ಮ ಮಕ್ಕಳು ಮುಂದೊಂದು ದಿನ ಅಜ್ಜ ಬರೆದ ಪದ್ಯ ಹುಡುಕಿಕೊಂಡು ಹೋದರೆ, ಬೇಡಿಕೆ ಹಾಕಿ ತರಿಸಿಕೊಂಡು ಓದಬಹುದು.