ನಕ್ಷತ್ರದ ಬೆಳಕನ್ನು ತರಗತಿಯಲ್ಲಿ ಓದಿಸುವುದು ಹೇಗೆ?

ನಕ್ಷತ್ರಗಳ ಪಾಠವು ಸಾಮಾನ್ಯವಾಗಿ ಗಾತ್ರ, ದೂರ ಮತ್ತು ತಾಪಗಳ ಪಟ್ಟಿಯೊಂದಿಗೆ ಆರಂಭವಾಗಿ ಅಲ್ಲಿಯೇ ಮುಗಿದುಹೋಗುತ್ತದೆ. ಯಾರೂ ಹೋಗಿ ಮುಟ್ಟದ ವಸ್ತುವಿನ ತಾಪವನ್ನು ಅಳೆದದ್ದು ಹೇಗೆ ಎಂದು ಕೇಳುವ ಅವಕಾಶ ಮಕ್ಕಳಿಗೆ ಸಿಗುವುದೇ ಇಲ್ಲ. ನಕ್ಷತ್ರಗಳ ಬಗ್ಗೆ ನಮಗೆ ತಿಳಿದಿರುವುದೆಲ್ಲ ಹೆಚ್ಚುಕಡಿಮೆ ಅವುಗಳ ಬೆಳಕನ್ನು ಪರೀಕ್ಷಿಸಿ ತಿಳಿದದ್ದು. ಆದ್ದರಿಂದ ಮೊದಲು ಬೆಳಕನ್ನು ಕೈಯಾರೆ ಬಿಡಿಸಿ ನೋಡಿಸಿ, ಅಂಕಿಗಳನ್ನು ನಂತರ ಹೇಳುವುದು ಸೂಕ್ತ. ಕೆಳಗಿನ ಚಟುವಟಿಕೆಗಳು ಎಂಟರಿಂದ ಹತ್ತನೇ ತರಗತಿಯವರಿಗೆ ಹೊಂದುತ್ತವೆ. ಬೆಂಗಳೂರಿನಲ್ಲಿ ಮಳೆಗಾಲದ ಆಕಾಶವನ್ನು ನಂಬುವಂತಿಲ್ಲವಾದ್ದರಿಂದ ಒಳಾಂಗಣದ ಕೆಲಸಗಳನ್ನು ಶಾಲೆ ಆರಂಭವಾದ ತಿಂಗಳುಗಳಲ್ಲಿ ಮುಗಿಸಿ, ಆಕಾಶ ನೋಡುವ ಭಾಗವನ್ನು ಡಿಸೆಂಬರ್‌ನಿಂದ ಫೆಬ್ರವರಿಯವರೆಗಿನ ಅವಧಿಗೆ ಉಳಿಸಿಕೊಳ್ಳಿ.

ಮೊದಲನೆಯ ತರಗತಿಗೆ ಹಳೆಯ ಬಗೆಯ, ತಂತಿ ಉರಿಯುವ ಟಾರ್ಚ್ ಬಲ್ಬ್ ಬೇಕು. ಎಲ್‌ಇಡಿ ಇಲ್ಲಿ ಉಪಯೋಗಕ್ಕೆ ಬಾರದು. ಎಸ್.ಪಿ. ರಸ್ತೆಯ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ವಿಚಾರಿಸಿ, 3 ವೋಲ್ಟಿನದನ್ನು ತನ್ನಿ. ಕೊಠಡಿಯನ್ನು ಕತ್ತಲು ಮಾಡಿ ಬಲ್ಬನ್ನು ಮೊದಲು ಒಂದು ಸೆಲ್ಲಿಗೆ, ಆಮೇಲೆ ಎರಡಕ್ಕೆ ಜೋಡಿಸಿದರೆ ತಂತಿಯು ಮಂಕಾದ ಕಿತ್ತಳೆ ಬಣ್ಣದಿಂದ ಬಿಳಿಹಳದಿಗೆ ತಿರುಗುವುದು ಕಾಣುತ್ತದೆ. ನೀರಿನ ನಲ್ಲಿಯ ಮೇಲೆ ಬಿಸಿಗೆ ಕೆಂಪು, ತಣ್ಣೀರಿಗೆ ನೀಲಿ ಗುರುತು ನೋಡಿ ಬೆಳೆದ ಮಕ್ಕಳಿಗೆ ತಾಪ ಏರಿದಂತೆ ಬೆಳಕು ಕೆಂಪಿನಿಂದ ದೂರ ಸರಿಯುತ್ತದೆ ಎಂಬುದು ಆಶ್ಚರ್ಯವೆನಿಸುತ್ತದೆ. ಆ ಆಶ್ಚರ್ಯ ಇಳಿಯುವ ಮೊದಲೇ ಮೂರು ಅಂಕಿಗಳನ್ನು ಹಲಗೆಯ ಮೇಲೆ ಬರೆಯಿರಿ: ಕೆಂಪಗಿರುವ ಆರ್ದ್ರಾ ನಕ್ಷತ್ರದ ಮೇಲ್ಮೈ ತಾಪ ಸುಮಾರು 3,500 ಕೆಲ್ವಿನ್, ಸೂರ್ಯನದು ಸುಮಾರು 5,800, ನೀಲಿ ಛಾಯೆಯ ರೀಗಲ್‌ನದು ಸುಮಾರು 12,000.

ಮುಂದಿನ ಚಟುವಟಿಕೆಗೆ ಎರಡು ಅವಧಿಗಳನ್ನಾದರೂ ಮೀಸಲಿಡಬೇಕು, ಏಕೆಂದರೆ ಇಡೀ ಪಾಠದ ಜೀವಾಳ ಇದೇ. ಪ್ರತಿ ಗುಂಪಿಗೆ ಒಂದು ಚಪ್ಪಲಿ ಪೆಟ್ಟಿಗೆ ಮತ್ತು ಒಂದು ಹಳೆಯ ಸಿಡಿ ಕೊಡಿ. ಸಿಡಿಯ ಮೇಲಿನ ಸುರುಳಿ ಗೆರೆಗಳ ನಡುವಿನ ಅಂತರ 1.6 ಮೈಕ್ರೋಮೀಟರ್, ಅಂದರೆ ಒಂದು ಮಿಲಿಮೀಟರಿನಲ್ಲಿ 625 ಗೆರೆಗಳು. ಬೆಳಕನ್ನು ಬಣ್ಣಗಳಾಗಿ ಬಿಡಿಸಲು ಇಷ್ಟು ಧಾರಾಳವಾಗಿ ಸಾಕು. ಪೆಟ್ಟಿಗೆಯ ಒಂದು ತುದಿಯಲ್ಲಿ ಚಿಕ್ಕ ಕಿಟಕಿ ಕತ್ತರಿಸಿ, ಎರಡು ರಟ್ಟಿನ ಚೂರುಗಳ ನೇರ ಅಂಚುಗಳನ್ನು ಅದರ ಮೇಲೆ ಅಡ್ಡಲಾಗಿ ಅಂಟಿಸಿ, ನಡುವೆ ಅರ್ಧ ಮಿಲಿಮೀಟರಿಗಿಂತ ಕಿರಿದಾದ ಸೀಳು ಉಳಿಯುವಂತೆ ಮಾಡಿ. ಎದುರು ತುದಿಯ ಒಳಗೆ ಸಿಡಿಯನ್ನು, ಅದರ ಹೊಳೆಯುವ ಮುಖ ಸೀಳಿನ ಕಡೆಗಿದ್ದು ತುಸು ಮೇಲಕ್ಕೆ ನೋಡುವಂತೆ, ತಳದೊಂದಿಗೆ ಸುಮಾರು 60 ಡಿಗ್ರಿ ಕೋನದಲ್ಲಿ ವಾಲಿಸಿ ನಿಲ್ಲಿಸಿ. ಸಿಡಿಯ ನೇರ ಮೇಲೆ ಮುಚ್ಚಳದಲ್ಲಿ ಕಣ್ಣಿಡಲು ಒಂದು ಕಿಂಡಿ ಮಾಡಿ, ಉಳಿದ ಸಂದುಗಳನ್ನೆಲ್ಲ ಕಪ್ಪು ಟೇಪಿನಿಂದ ಮುಚ್ಚಿ. ರೋಹಿತ, ಅಂದರೆ ಬಿಡಿಸಿದ ಬಣ್ಣಗಳ ಪಟ್ಟಿ, ಮಸುಕಾಗಿ ಕಂಡರೆ ದೋಷ ಹೆಚ್ಚಾಗಿ ಸೀಳಿನ ಅಗಲದಲ್ಲಿರುತ್ತದೆ. ಸಿಡಿಯ ಕೋನವನ್ನು ಆಮೇಲೆ ತಿದ್ದಬಹುದು.

ಈಗ ಬಗೆಬಗೆಯ ದೀಪಗಳತ್ತ ಸೀಳನ್ನು ಹಿಡಿಸಿ. ಟಾರ್ಚ್ ಬಲ್ಬಿನದು ಎಲ್ಲಿಯೂ ಕಡಿಯದ ಬಣ್ಣದ ಪಟ್ಟಿ. ಬಿಳಿ ಎಲ್‌ಇಡಿಯಲ್ಲಿ ನೀಲಿಯ ಬಳಿ ಪ್ರಖರವಾದ ಒಂದು ಉಬ್ಬು, ಅದರಾಚೆ ಹರಡಿದ ಹಸಿರು ಮತ್ತು ಕೆಂಪು. ಸಿಎಫ್‌ಎಲ್ ಅಥವಾ ಹಳೆಯ ಟ್ಯೂಬ್‌ಲೈಟಿನಲ್ಲಾದರೆ ಬಿಡಿಬಿಡಿಯಾದ ಗೆರೆಗಳು ಎದ್ದು ಕಾಣುತ್ತವೆ, ಅವುಗಳಲ್ಲಿ 546 ನ್ಯಾನೋಮೀಟರ್ ತರಂಗಾಂತರದ ಹಸಿರು ಗೆರೆ ಪಾದರಸದ್ದು. ಉಪ್ಪುನೀರಿನಲ್ಲಿ ಅದ್ದಿದ ತಂತಿಯನ್ನು ಸ್ಪಿರಿಟ್ ದೀಪದ ಜ್ವಾಲೆಗೆ ಹಿಡಿದರೆ ಸೋಡಿಯಂನ ಹಳದಿ ಗೆರೆ, 589 ನ್ಯಾನೋಮೀಟರಿನ ಬಳಿ, ಬೆಳಗುತ್ತದೆ. ಇದನ್ನು ಶಿಕ್ಷಕರೇ ಮಾಡಿ ತೋರಿಸಬೇಕು. ಕಂಡದ್ದನ್ನು ಫೋನಿನಲ್ಲಿ ಸೆರೆಹಿಡಿಯುವ ಮೊದಲು ಬಣ್ಣದ ಪೆನ್ಸಿಲಿನಿಂದ ಬರೆಯಿಸಿ, ಬರೆಯುವ ಕೈ ಗೆರೆಗಳ ನಡುವಿನ ಅಂತರವನ್ನು ಗಮನಿಸಲೇಬೇಕಾಗುತ್ತದೆ. ಹಗಲಿನಲ್ಲಿ ಬಿಸಿಲು ಬಿದ್ದ ಬಿಳಿ ಗೋಡೆಯನ್ನು ನೋಡಬಹುದು. ಸೂರ್ಯನ ಕಡೆಗೆ ಪೆಟ್ಟಿಗೆಯನ್ನು ಯಾವ ಕಾರಣಕ್ಕೂ ತಿರುಗಿಸಕೂಡದು.

ಗೆರೆಗಳು ಧಾತುಗಳ ಗುರುತು ಎಂಬುದು ಮಕ್ಕಳಿಗೆ ಹೊಳೆದ ಮೇಲೆ ಗುಂಟೂರಿನ ಕಥೆ ಹೇಳಿ. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣವನ್ನು ಫ್ರಾನ್ಸಿನ ಖಗೋಳಜ್ಞ ಜಾನ್ಸೆನ್ ಅಲ್ಲಿಂದ ವೀಕ್ಷಿಸಿ, ಸೂರ್ಯನ ಅಂಚಿನ ಜ್ವಾಲೆಗಳ ರೋಹಿತವನ್ನು ಪರೀಕ್ಷಿಸಿದರು. ಆ ವರ್ಷ ಗಮನಕ್ಕೆ ಬಂದ ಹಳದಿ ಗೆರೆಯೊಂದು ಸೋಡಿಯಂನದಲ್ಲ, 587.6 ನ್ಯಾನೋಮೀಟರಿನ ಬಳಿಯದು. ಇಂಗ್ಲೆಂಡಿನ ಲಾಕಿಯರ್ ಅದನ್ನು ಹೊಸ ಧಾತುವಿನದೆಂದರು. ಆ ಧಾತುವೇ ಹೀಲಿಯಂ, ಅದು ಭೂಮಿಯ ಮೇಲೆ ಸಿಕ್ಕಿದ್ದು 1895ರಲ್ಲಿ, ರಸಾಯನಶಾಸ್ತ್ರಜ್ಞ ರ‍್ಯಾಮ್ಸೆಯವರ ಪ್ರಯೋಗಾಲಯದಲ್ಲಿ. ಚಪ್ಪಲಿ ಪೆಟ್ಟಿಗೆಗೆ 589 ಮತ್ತು 587.6ರ ನಡುವಿನ ವ್ಯತ್ಯಾಸವನ್ನು ಬೇರ್ಪಡಿಸುವ ಶಕ್ತಿ ಸಾಲದು ಎಂದೂ ಹೇಳಬೇಕು. ದೊಡ್ಡ ಉಪಕರಣಗಳು ಏಕೆ ಬೇಕೆಂಬುದಕ್ಕೆ ಅದೇ ಉತ್ತರ. ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯವರು ಲಡಾಖಿನ ಹಾನ್ಲೆಯಲ್ಲಿರುವ 2 ಮೀಟರಿನ ದೂರದರ್ಶಕವನ್ನು ಹೊಸಕೋಟೆಯಲ್ಲಿ ಕುಳಿತೇ ನಡೆಸುತ್ತಾರೆ, ಅದರಲ್ಲಿಯೂ ಬೆಳಕನ್ನು ಬಿಡಿಸಿ ನೋಡುವ ಸಲಕರಣೆಯಿದೆ.

ದೂರದ ಕಲ್ಪನೆಗೆ ಮೈದಾನಕ್ಕೆ ಹೋಗಿ. ಒಂದು ಸೆಂಟಿಮೀಟರಿಗೆ 10 ಲಕ್ಷ ಕಿಲೋಮೀಟರ್ ಎಂದಿಟ್ಟುಕೊಂಡರೆ 1.4 ಸೆಂಟಿಮೀಟರಿನ ಗೋಲಿಯೇ ಸೂರ್ಯ. ಭೂಮಿ ಅದರಿಂದ ಒಂದೂವರೆ ಮೀಟರ್ ದೂರದಲ್ಲಿ, ಬರಿಗಣ್ಣಿಗೆ ಕಷ್ಟದಿಂದ ಕಾಣುವ ಚುಕ್ಕಿ. ನೆಪ್ಚೂನ್ 45 ಮೀಟರ್ ಆಚೆ. ಹತ್ತಿರದ ನಕ್ಷತ್ರವಾದ ಪ್ರಾಕ್ಸಿಮಾ ಸುಮಾರು 400 ಕಿಲೋಮೀಟರ್ ದೂರದಲ್ಲಿ, ಅಂದರೆ ಹೆಚ್ಚುಕಡಿಮೆ ಧಾರವಾಡದಲ್ಲಿ, 2 ಮಿಲಿಮೀಟರಿನ ಕಾಳಿನಷ್ಟಿರುತ್ತದೆ. ಈ ಲೆಕ್ಕವನ್ನು ಮಕ್ಕಳೇ ಮಾಡಲಿ.

ಚಳಿಗಾಲದ ಸಂಜೆಗೆ ಒಂದು ಮನೆಗೆಲಸ ಕೊಡಿ. ನಗರದ ದೀಪಗಳ ನಡುವೆಯೂ ಕಾಣುವ ನಕ್ಷತ್ರಗಳಲ್ಲಿ ಲುಬ್ಧಕ 8.6 ಜ್ಯೋತಿರ್ವರ್ಷ (ಒಂದು ಜ್ಯೋತಿರ್ವರ್ಷವೆಂದರೆ ಬೆಳಕು ಒಂದು ವರ್ಷದಲ್ಲಿ ಸಾಗುವ ದೂರ) ದೂರದಲ್ಲಿದೆ, ಪ್ರೋಸಿಯಾನ್ 11.5, ಪುನರ್ವಸುವಿನ ಪೋಲಕ್ಸ್ ಸುಮಾರು 34, ಬ್ರಹ್ಮಹೃದಯ ಸುಮಾರು 43, ರೋಹಿಣಿ ಸುಮಾರು 65. ಮನೆಯ ಯಾರ ವಯಸ್ಸಿಗೆ ಯಾವುದು ಸಮೀಪವೋ ಅದನ್ನು ಅವರಿಗೇ ತೋರಿಸಿ, ಈ ಬೆಳಕು ಹೊರಟಾಗ ಅವರು ಎಲ್ಲಿದ್ದರೆಂದು ಕೇಳಿ ಬರೆದು ತರಲಿ. ರೋಹಿಣಿ ಮಳೆ, ಆರ್ದ್ರಾ ಮಳೆ ಎಂದು ಅಜ್ಜಿ ಲೆಕ್ಕ ಹಾಕುವ ದಿನಗಳಲ್ಲಿ ಸೂರ್ಯ ಆಯಾ ನಕ್ಷತ್ರದ ಬಳಿಯೇ ಇರುತ್ತಾನೆ. ಆಗ ಆ ನಕ್ಷತ್ರ ರಾತ್ರಿಯಲ್ಲಿ ಕಾಣದು, ಆರು ತಿಂಗಳ ನಂತರವೇ ಚೆನ್ನಾಗಿ ಕಾಣುತ್ತದೆ. ಮೋಡ ಇದಕ್ಕೆ ಕಾರಣವಲ್ಲ ಎಂಬುದನ್ನು ಮಕ್ಕಳು ಚಿತ್ರ ಬರೆದು ವಿವರಿಸಬಲ್ಲರು.

ನಾವು ನೋಡುವ ನಕ್ಷತ್ರಗಳೆಲ್ಲ ಸತ್ತುಹೋಗಿರಬಹುದಲ್ಲವೇ ಎಂಬ ಪ್ರಶ್ನೆ ಆಗ ಬಂದೇ ಬರುತ್ತದೆ. ಹೌದೆಂದು ತಲೆಯಾಡಿಸಬೇಡಿ. ನಕ್ಷತ್ರಗಳ ಆಯುಷ್ಯ ಲಕ್ಷ, ಕೋಟಿ ವರ್ಷಗಳಲ್ಲಿ ಎಣಿಸುವಂಥದ್ದು. ಬರಿಗಣ್ಣಿಗೆ ಕಾಣುವ ಹೆಚ್ಚಿನವುಗಳ ಬೆಳಕು ಹೊರಟು ಕೆಲವು ನೂರು, ಹೆಚ್ಚೆಂದರೆ ಕೆಲವು ಸಾವಿರ ವರ್ಷಗಳಾಗಿವೆ ಅಷ್ಟೆ. ಆದ್ದರಿಂದ ಅವು ಬಹುತೇಕ ಎಲ್ಲವೂ ಈಗಲೂ ಉರಿಯುತ್ತಿವೆ. ಆಯುಷ್ಯದ ಕೊನೆಯ ಹಂತದಲ್ಲಿರುವ ಆರ್ದ್ರಾ ಕೂಡ ಈ ಅಲ್ಪ ಅವಧಿಯಲ್ಲಿ ಸಿಡಿದುಹೋಗಿರುವ ಸಂಭವ ತೀರ ಕಡಿಮೆ.