ಪೇಪರ್ ಓದುವ ಹುಡುಗ ‘ಸೂರ್ಯ’ ಬರೆಯಲು ಕಲಿತಿದ್ದು

ಪುಟ್ಟನನ್ನು ನಮ್ಮ ಟ್ಯೂಷನ್ನಿಗೆ ಕರೆತಂದಿದ್ದು ಅವನ ತಾತ. ಆಗ ಅವನು ಐದನೇ ಕ್ಲಾಸು. ಪುಟ್ಟ ಅನ್ನೋದು ನಿಜವಾದ ಹೆಸರಲ್ಲ, ಬಿಡಿ. “ಏನಮ್ಮಾ, ಇವನು ದಿನಾ ಬೆಳಗ್ಗೆ ನನಗೆ ಪೇಪರ್ ಓದಿ ಹೇಳ್ತಾನೆ, ಸಂಪಾದಕೀಯ ಕೂಡ. ಆದ್ರೆ ಬರಿ ಅಂದ್ರೆ ಇದು ನೋಡು” ಅಂತ ಕನ್ನಡದ ಟೆಸ್ಟ್ ಪೇಪರನ್ನು ನನ್ನ ಕೈಗಿಟ್ಟರು. ಕೆಂಪು ಇಂಕು ಚೆಲ್ಲಿದ ಹಾಗಿತ್ತು. ‘ಸೂಯ್ರ ಪೂವ್ರ ದಿಕಿನಲಿ ಹುಟುತಾನೆ.’ 25ಕ್ಕೆ 9.

ನಂಬಿಕೆ ಬರಲಿಲ್ಲ. ಆರನೇ ಕ್ಲಾಸಿನ ಪುಸ್ತಕ ತೆಗೆದು ಒಂದು ಪಾಠ ಓದಿಸಿದೆ. ಎಲ್ಲೂ ತಡವರಿಸಲಿಲ್ಲ. ಅದೇ ಪುಟದಿಂದ ಇಪ್ಪತ್ತು ಪದ ಉಕ್ತಲೇಖನ ಕೊಟ್ಟೆ. 13 ತಪ್ಪು ಅಂತ ನೆನಪು, 14 ಇದ್ದರೂ ಇರಬಹುದು.

ಇಂಥ ಮಕ್ಕಳು ನಿಮ್ಮಲ್ಲೂ ಇರ್ತಾರೆ. ಶಾಲೆಯಲ್ಲಿ ಸೋಮಾರಿ ಅಂತಾರೆ, ಮನೆಯಲ್ಲಿ ಮೊಬೈಲ್ ಜಾಸ್ತಿ ಆಯ್ತು ಅಂತಾರೆ. “ಅಷ್ಟು ಚೆನ್ನಾಗಿ ಓದ್ತಾನೆ, ಬರೆಯೋಕೆ ಏನು ಧಾಡಿ?” ಅನ್ನೋದು ಎಲ್ಲರ ಪ್ರಶ್ನೆ. ನಾನೂ ಹತ್ತು ವರ್ಷ ಹಾಗೇ ಕೇಳಿದವಳು.

ಹನುಮಂತನಗರದ ನಮ್ಮ ಮನೆ ಮಹಡಿಯಲ್ಲಿ ಹದಿನಾಲ್ಕು ವರ್ಷದಿಂದ ಪಾಠ ಹೇಳುತ್ತಿದ್ದೇನೆ. ಈ ಒಂದು ತೊಂದರೆಗೆ ನಾನು ಸುರಿದ ದುಡ್ಡಿನ ಲೆಕ್ಕ ಕೇಳಿದರೆ ನಮ್ಮ ಮನೆಯವರು ಈಗಲೂ ನಗುತ್ತಾರೆ. ಮೊದಲು ಮರದ ಅಕ್ಷರಗಳ ಸೆಟ್ ತಂದೆ, ಸುಮಾರು 1,800 ರೂಪಾಯಿ. ಮನೆಗೆ ಬಂದು ಬಿಚ್ಚಿದರೆ ಅದರಲ್ಲಿ ಅ ಇಂದ ಳ ತನಕ ಅಕ್ಷರ ಇದೆ, ಒತ್ತೇ ಇಲ್ಲ. ಒತ್ತಿಲ್ಲದೆ ಕನ್ನಡದಲ್ಲಿ ‘ಅಮ್ಮ’ ಅಂತಲೂ ಬರೆಯೋಕಾಗಲ್ಲ! ಆಮೇಲೆ ಫ್ಲಾಶ್ ಕಾರ್ಡ್ ಮಾಡಿಸಿ ಲ್ಯಾಮಿನೇಟ್ ಹಾಕಿಸಿದೆ. ಅದಕ್ಕೆ 2,600 ಆಯಿತು. ಮಕ್ಕಳು ಕಾರ್ಡನ್ನು ಪಟಪಟ ಓದಿದರು. ಓದೋಕೆ ಅವರಿಗೆ ಬರುತ್ತಲ್ಲ, ಅದನ್ನೇ ಇನ್ನಷ್ಟು ಓದಿಸಿದ್ದೆ ನಾನು. ಪುಟ್ಟನ ಅಮ್ಮ ಅಷ್ಟರಲ್ಲಿ ಅವನನ್ನು ಒಂದು ಹ್ಯಾಂಡ್‌ರೈಟಿಂಗ್ ಕ್ಲಾಸಿಗೆ 6,000 ಕಟ್ಟಿ ಸೇರಿಸಿದ್ದರು. ಎರಡು ತಿಂಗಳಿಗೆ ಅಕ್ಷರ ದುಂಡಗಾಯಿತು. ‘ಸೂಯ್ರ’ ಮುತ್ತಿನ ಹಾಗೆ ಕಾಣುತ್ತಿತ್ತು.

ದಾರಿ ಸಿಕ್ಕಿದ್ದು ಹತ್ತು ಸಲ ಬರೆಸೋವಾಗ. ತಪ್ಪಿದ ಪದ ಹತ್ತು ಸಲ ಬರಿ ಅಂತ ನಾವೆಲ್ಲ ಹೇಳೋದೇ ಅಲ್ವಾ? ಒಂದು ದಿನ ಸುಮ್ನೆ ಪುಟ್ಟನ ಹಿಂದೆ ನಿಂತು ನೋಡಿದೆ. ಅವನು ಮೊದಲು ಮೇಲಿಂದ ಕೆಳಗೆ ಹತ್ತು ‘ಸೂ’ ಬರೆದ. ಮತ್ತೆ ಮೇಲೆ ಹೋಗಿ ಹತ್ತು ‘ಯ’. ಕೊನೆಗೆ ಹತ್ತು ಅರ್ಕಾವೊತ್ತು, ಬಾಲ ಅಂಟಿಸಿದ ಹಾಗೆ. ಹತ್ತು ಸಲ ಬರೆದಿದ್ದ, ಪದವನ್ನು ಒಂದು ಸಲವೂ ಬರೆದಿರಲಿಲ್ಲ.

ಅವತ್ತೇ ಇನ್ನೊಂದು ಗೊತ್ತಾಯಿತು. ಅವನು ಹಿಂದೆ ಬರೆದಿದ್ದ ‘ಸೂಯ್ರ’ ತೋರಿಸಿ ಓದು ಅಂದೆ. “ಸೂರ್ಯ” ಅಂದ. ಸರಿಯಾಗಿ ನೋಡು ಅಂದೆ. “ಸರಿಯಾಗೇ ಇದೆ ಮಿಸ್.” ಅವನು ಸುಳ್ಳು ಹೇಳುತ್ತಿರಲಿಲ್ಲ. ಮೊದಲ ಅಕ್ಷರ, ಪದದ ಆಕಾರ, ಹಿಂದಿನ ಮುಂದಿನ ಅರ್ಥ, ಇಷ್ಟರಲ್ಲೇ ಪದ ಹಿಡಿದುಬಿಡುತ್ತಿದ್ದ. ಮಧ್ಯದಲ್ಲಿ ಏನಿದೆ ಅಂತ ಅವನ ಕಣ್ಣು ನಿಲ್ಲುತ್ತಲೇ ಇರಲಿಲ್ಲ. ಚೆನ್ನಾಗಿ ಓದೋದೇ ಅವನಿಗೆ ಅಡ್ಡ ಬರುತ್ತಿತ್ತು.

ಅಲ್ಲಿಂದ ಓದಿಸೋದನ್ನು ಪೂರ್ತಿ ನಿಲ್ಲಿಸಿದೆ. ಪಕ್ಕದ ಬೀದಿಯ ಟ್ಯೂಷನ್ ಟೀಚರ್ ಕೇಳಿ, “ಓದಿಸದೆ ಬರವಣಿಗೆ ಬರುತ್ತಾ ರೀ?” ಅಂದರು. ಪುಟ್ಟನ ಅಮ್ಮನಿಗೂ ಅನುಮಾನ. ತಾತ ಮಾತ್ರ, “ಆರು ತಿಂಗಳು ಕೊಡೋಣ” ಅಂದರು.

ನಾನು ಮಾಡಿದ್ದು ಇಷ್ಟು. ದಿನಕ್ಕೆ ಐದೇ ಪದ, ಹದಿನೈದು ನಿಮಿಷ. ಪದ ನೋಡು, ಮುಚ್ಚು, ಬಾಯಲ್ಲಿ ಅಕ್ಷರ ಅಕ್ಷರ ಗಟ್ಟಿಯಾಗಿ ಹೇಳುತ್ತಾ ಬರಿ. ಮಧ್ಯೆ ಸಿಕ್ಕಿಹಾಕಿಕೊಂಡರೆ ಅರ್ಧದಿಂದ ಮುಂದುವರಿಸೋ ಹಾಗಿಲ್ಲ. ಒರೆಸು, ಮತ್ತೆ ನೋಡು, ಮುಚ್ಚು, ಮೊದಲಿಂದ ಬರಿ. ಅದಕ್ಕೇ ಸ್ಲೇಟು ಬೇಕು. ಅವೆನ್ಯೂ ರೋಡಿಗೆ ಹೋಗಿ ಒಂದೊಂದು 60 ರೂಪಾಯಿ ಹಾಗೆ ಹತ್ತು ತಂದೆ. ಬಳಪ ಕಂಡು ಮಕ್ಕಳಿಗೆ ಖುಷಿಯೋ ಖುಷಿ. ಬರೆದಾದ ಮೇಲೆ ಪರೀಕ್ಷೆ ಹಿಂದಿನಿಂದ, ಕೊನೆಯ ಅಕ್ಷರದ ಮೇಲೆ ಬೆರಳಿಟ್ಟು ಶುರು. ‘ಕರ್ನಾಟಕ’ ಆದರೆ ಕ, ಟ, ರ್ನಾ, ಕ. ಮುಂದಿನಿಂದ ಓದಿದರೆ ಬುದ್ಧಿ ತಪ್ಪನ್ನು ತಾನೇ ತಿದ್ದಿಕೊಂಡು ಓದಿಬಿಡುತ್ತೆ. ಹಿಂದಿನಿಂದ ಹೋದರೆ ಅರ್ಥ ಇರಲ್ಲ, ಅಕ್ಷರ ಮಾತ್ರ ಇರುತ್ತೆ.

ಅದೇ ಐದು ಪದ ಮಾರನೇ ದಿನ, ಆಮೇಲೆ ಮೂರು ದಿನ ಬಿಟ್ಟು, ಆಮೇಲೆ ವಾರ ಬಿಟ್ಟು. ವಾರದ ಮೇಲೂ ಸರಿ ಇದ್ದರೆ ಮಾತ್ರ ಪಟ್ಟಿಯಿಂದ ಹೊಡೆದುಹಾಕು. ಪದಗಳು ಪುಸ್ತಕದವಲ್ಲ. ಮಗುವಿನ ಸ್ವಂತ ತಪ್ಪುಗಳಿಂದಲೇ ಆರಿಸಿದ್ದು. ಯಾವ ಪದ ಆದ ಮೇಲೆ ಯಾವುದು ಅನ್ನೋ ಕ್ರಮ ಒಂದಿದೆ, ಅದನ್ನು ಇಲ್ಲಿ ಬರೆಯಲ್ಲ. ನನ್ನ ಫೀಸು ನಿಂತಿರೋದೇ ಅದರ ಮೇಲೆ.

ಒತ್ತಿನ ವಿಷಯ ಮಾತ್ರ ಹೇಳಿಬಿಡುತ್ತೇನೆ. ಜಾಸ್ತಿ ಒತ್ತುಗಳು ಮೂಲ ಅಕ್ಷರದ ಹಾಗೇ ಇವೆ, ತಲೆಕಟ್ಟು ಇಲ್ಲ ಅಷ್ಟೆ. ಮೋಸ ಮಾಡೋದು ಆರು: ತ, ನ, ಮ, ಯ, ರ, ಲ. ಇವುಗಳ ಒತ್ತಿಗೂ ಅಕ್ಷರಕ್ಕೂ ಹೋಲಿಕೆಯೇ ಇಲ್ಲ. ಓದೋವಾಗ ಗುರುತು ಸಿಗುತ್ತೆ, ಬರೆಯೋವಾಗ ಕೈ ನಿಂತುಬಿಡುತ್ತೆ. ಪುಟ್ಟ ‘ದಿಕಿನಲಿ’ ಅಂತ ಬರೆದಿದ್ದು ಒತ್ತು ಕೇಳಿಸದೆ ಅಂತ ನಾನು ತಿಳಿದಿದ್ದೆ. ಅದರಲ್ಲಿ ಲ ಒತ್ತು ಬಿಟ್ಟಿದ್ದು ಆಕಾರ ನೆನಪಾಗದೆ! ಮೊದಲ ಮೂರು ವಾರ ಈ ಆರೇ ಆರು ಒತ್ತು ಮಾಡಿಸಿದೆ. ತಪ್ಪು ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯಿತು.

ಅರ್ಕಾವೊತ್ತು ಬೇರೆಯದೇ ತಲೆನೋವು. ಬಾಯಲ್ಲಿ ರ್ ಮೊದಲು ಬರುತ್ತೆ, ಕೈಯಲ್ಲಿ ಕೊನೆಗೆ. ನಾನು ಬಸ್ಸಿನ ಕತೆ ಕಟ್ಟಿದೆ. “ರ್ ಬಸ್ಸನ್ನ ಮೊದಲು ಹತ್ತುತ್ತಾನೆ ಕಣೋ, ಆದ್ರೆ ಹೋಗಿ ಕೂರೋದು ಹಿಂದಿನ ಸೀಟಲ್ಲಿ.” ಅದು ತಲೆಗೆ ಹತ್ತೋ ತನಕ ರ ಬರೆದು ಕೆಳಗೆ ಯ ಒತ್ತು ಕೊಡೋಕೆ ಬಿಟ್ಟೆ. ಹಾಗೆ ಬರೆದರೂ ಕನ್ನಡದಲ್ಲಿ ಸರಿಯೇ. ಅವನ ಶಾಲೆಯಲ್ಲಿ ಅದಕ್ಕೂ ಕೆಂಪು ಗೆರೆ ಎಳೆದು ಅರ್ಧ ಮಾರ್ಕ್ಸ್ ತೆಗೆದರು. ಹೋಗಿ ಜಗಳ ಆಡಬೇಕು ಅನ್ನಿಸಿತು. ಆಡಲಿಲ್ಲ, ಮಗು ಅಲ್ಲೇ ಓದಬೇಕಲ್ಲ.

ಶ, ಷ, ಸ ಮತ್ತು ಮಹಾಪ್ರಾಣಕ್ಕೆ ಕಿವಿ ಉಪಯೋಗಕ್ಕೆ ಬರಲ್ಲ. ನಮ್ಮ ಬೆಂಗಳೂರಿನ ಬಾಯಲ್ಲಿ ಶ ಮತ್ತು ಷ ಒಂದೇ. ಅದಕ್ಕೆ ಪದಗಳನ್ನು ಸಂಸಾರ ಮಾಡಿ ಕೂರಿಸಿದೆ. ಇಂಗ್ಲಿಷಿನಿಂದ ಬಂದ ಪದ ಬಿಟ್ಟರೆ, ಟ, ಠ, ಣ ಜೊತೆಗಿದ್ದರೆ ಷ: ಕಷ್ಟ, ಶ್ರೇಷ್ಠ, ಕೃಷ್ಣ. ಚ ಜೊತೆಗಿದ್ದರೆ ಶ: ಪಶ್ಚಿಮ, ಆಶ್ಚರ್ಯ. ತ, ಥ ಜೊತೆಗೆ ಸ: ಪುಸ್ತಕ, ಸ್ಥಳ. ಮಹಾಪ್ರಾಣಕ್ಕೆ, “ಅಜ್ಜಿ ಅಡುಗೆಮನೇಲಿ ಹೇಳೋ ಪದಕ್ಕೆ ಹೊಟ್ಟೆ ಸೀಳಬೇಡ” ಅಂತ ಹೇಳಿಕೊಟ್ಟೆ. ಮನೆ, ಬಾಗಿಲು, ಊಟ, ಬೆಲ್ಲ, ಯಾವುದಕ್ಕೂ ಬೇಡ. ‘ಭಾಗಿಲು’ ಬರೆಯೋದು ಅವತ್ತಿಗೇ ನಿಂತಿತು. ಅಚ್ಚಗನ್ನಡದ ಪದಗಳಿಗೆಲ್ಲ ಹೆಚ್ಚುಕಮ್ಮಿ ಇದು ನಡೆಯುತ್ತೆ. ಹಕಾರ ಇನ್ನೂ ಪೂರ್ತಿ ಸರಿಹೋಗಿಲ್ಲ ಅಂತ ಒಪ್ಪಿಕೊಳ್ಳಬೇಕು. ಮೂರನೇ ಕ್ಲಾಸಿನ ಒಬ್ಬಳು ‘ಆಲು ಕುಡಿದೆ’ ಅಂತ ಬರೆದಳು. ಅವಳಮ್ಮ, “ಆಲೂಗಡ್ಡೆ ಕುಡಿದ್ಯೇನೇ?” ಅಂತ ಕೇಳಿ ಮನೆಮಂದಿಯೆಲ್ಲ ನಕ್ಕರಂತೆ. ಮರುದಿನ ಅವಳು ಪೆನ್ಸಿಲ್ಲೇ ಮುಟ್ಟಲಿಲ್ಲ. ನಗಬೇಡಿ ಅಂತ ತಂದೆತಾಯಿಗೆ ಈಗ ಮೊದಲೇ ಹೇಳಿಬಿಡುತ್ತೇನೆ.

ಪದ ಬಂತು ಅಂತ ಪ್ರಬಂಧ ಬರಲ್ಲ. ಪುಟ್ಟ ಬಾಯಲ್ಲಿ ಕತೆ ಹೇಳಿದರೆ ಹತ್ತು ನಿಮಿಷ, ಬರೆದರೆ ಮೂರು ಸಾಲು. ಯೋಚನೆ ಮಾಡೋದು, ಒತ್ತು ನೆನೆಸಿಕೊಳ್ಳೋದು, ಕೈ ಓಡಿಸೋದು ಮೂರೂ ಒಟ್ಟಿಗೆ ಅವನಿಗೆ ಆಗುತ್ತಿರಲಿಲ್ಲ. ಬಿಡಿಸಿದೆ. ಮೊದಲು ನನ್ನ ಫೋನಿಗೆ ಕತೆ ಹೇಳಿ ರೆಕಾರ್ಡ್ ಮಾಡ್ತಾನೆ. ಆಮೇಲೆ ಒಂದೊಂದು ವಾಕ್ಯ ಕೇಳಿ, ನಿಲ್ಲಿಸಿ, ಬರೀತಾನೆ. ತನಗೆ ತಾನೇ ಉಕ್ತಲೇಖನ ಕೊಟ್ಟುಕೊಂಡ ಹಾಗೆ. ಅವತ್ತು ತಪ್ಪು ತಿದ್ದೋ ಹಾಗಿಲ್ಲ, ನಾನೂ ಕೆಂಪು ಪೆನ್ನು ಮುಟ್ಟಲ್ಲ. ತಿದ್ದೋದು ಮಾರನೇ ದಿನ, ಅವನೇ, ಹಿಂದಿನಿಂದ. ತಾತನ ಹಲ್ಲುಸೆಟ್ಟು ಕಳೆದ ಕತೆ ಒಂದೂವರೆ ಪುಟ ಬಂತು. ತಾತ ಅದನ್ನು ಜೆರಾಕ್ಸ್ ಮಾಡಿಸಿ ನೆಂಟರಿಗೆಲ್ಲ ಕೊಟ್ಟಿದ್ದಾರೆ.

ಕೆಲವು ಪ್ರಯೋಗ ಕೆಟ್ಟವು. ಹಿಂದೆ ಕೂಲಿಮಠದಲ್ಲಿ ಮರಳ ಮೇಲೆ ಬರೆಸುತ್ತಿದ್ದರಲ್ಲ, ಅದು ನೆನಪಾಗಿ ತಟ್ಟೆಯಲ್ಲಿ ರಾಗಿ ಹರಡಿ ಬರೆಸಿದೆ. ಎರಡನೇ ದಿನಕ್ಕೆ ಇರುವೆ, ಮೂರನೇ ದಿನಕ್ಕೆ ಅತ್ತೆಯ ಬೈಗುಳ. ರಂಗೋಲಿ ಪುಡಿಗೆ ಬದಲಾಯಿಸಿದರೆ ಮಕ್ಕಳು ಕೆಮ್ಮೋಕೆ ಶುರು. ಬಿಟ್ಟೆ. ಇಂಗ್ಲಿಷಿಗೆ ಬೇರೆ ಉಪಾಯ ನಡೆಯಿತು: ಸ್ಪೆಲಿಂಗ್ ಹೇಗಿದೆಯೋ ಹಾಗೇ ತಪ್ಪಾಗಿ ಉಚ್ಚರಿಸೋದು. ವೆಡ್-ನೆಸ್-ಡೇ, ಇಸ್-ಲ್ಯಾಂಡ್. ಮನೆಯಲ್ಲೂ ಹಾಗೇ ಮಾತಾಡಿ ಬೈಸಿಕೊಂಡರು.

ಈ ದಾರಿಯಲ್ಲಿ ಇಲ್ಲಿತನಕ ಹನ್ನೊಂದು ಮಕ್ಕಳನ್ನು ಕೂರಿಸಿದ್ದೇನೆ. ಎಂಟು ಜನ ಸುಧಾರಿಸಿದರು. ಇಬ್ಬರು ಮಧ್ಯದಲ್ಲೇ ಬಿಟ್ಟರು. ಒಬ್ಬಳಿಗೆ ಎಂಟು ತಿಂಗಳಾದರೂ ಏನೂ ಆಗಲಿಲ್ಲ. ಬೆಳಗ್ಗೆ ಬಂದಿದ್ದು ಸಂಜೆಗೆ ಹೋಗುತ್ತಿತ್ತು. ಅವರಪ್ಪ ಅಮ್ಮನನ್ನು ಕೂರಿಸಿಕೊಂಡು, ನಿಮ್ಹಾನ್ಸ್‌ಗೆ ಕರೆದುಕೊಂಡು ಹೋಗಿ ಅಂದೆ. “ನಮ್ಮ ಮಗೂಗೆ ಹುಚ್ಚಾ ಮೇಡಂ?” ಅಂತ ಅತ್ತರು. ಕಲಿಕಾ ನ್ಯೂನತೆ ಇದೆಯಾ ಅಂತ ಅಲ್ಲಿ ಪರೀಕ್ಷೆ ಮಾಡ್ತಾರೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಅದನ್ನೂ ಸೇರಿಸಿದ್ದಾರೆ, ಸರ್ಟಿಫಿಕೇಟ್ ಇದ್ದರೆ ಪರೀಕ್ಷೆಯಲ್ಲಿ ಜಾಸ್ತಿ ಸಮಯ ಕೇಳಬಹುದು ಅಂತ ವಿವರಿಸೋಕೆ ಎರಡು ಭಾನುವಾರ ಹಿಡಿಯಿತು. ಕೊನೆಗೆ ಹೋದರು. ನಾನು ಆರು ತಿಂಗಳು ಮೊದಲೇ ಹೇಳಬೇಕಿತ್ತು.

ಪುಟ್ಟನಿಗೆ ನಾಲ್ಕನೇ ತಿಂಗಳಲ್ಲಿ ಮತ್ತೆ ಇಪ್ಪತ್ತು ಪದ ಕೊಟ್ಟಾಗ ತಪ್ಪು ನಾಲ್ಕು. ವರ್ಷದ ಕೊನೆಗೆ ಕನ್ನಡದಲ್ಲಿ 25ಕ್ಕೆ 19. ಪಕ್ಕದ ಬೀದಿಯ ಟೀಚರ್ ಈಗ ತಮ್ಮ ಇಬ್ಬರು ಮಕ್ಕಳನ್ನು ನನ್ನ ಹತ್ತಿರ ಕಳಿಸಿದ್ದಾರೆ. ಇದಕ್ಕೆ ತಿಂಗಳಿಗೆ 1,500 ತಗೋತೀನಿ, ಮಾಮೂಲಿ ಟ್ಯೂಷನ್ನಿಗಿಂತ 500 ಜಾಸ್ತಿ. ಯಾರೂ ಚೌಕಾಸಿ ಮಾಡಲ್ಲ.

ಮಕ್ಕಳಿಗೆ ತುಂಬಾ ಹಿಡಿಸಿದ್ದು ಬೋರ್ಡ್ ಬೇಟೆ. ಅಂಗಡಿ ಬೋರ್ಡುಗಳಲ್ಲಿ ನೂರಕ್ಕೆ 60 ಭಾಗ ಕನ್ನಡ ಇರಲೇಬೇಕು ಅಂತ ಕಾನೂನು ಬಂದ ಮೇಲೆ ನಮ್ಮ ಕಡೆ ಹೊಸ ಬೋರ್ಡು ಜಾಸ್ತಿಯಾಯಿತು, ತಪ್ಪೂ ಜಾಸ್ತಿಯಾಯಿತು. ಶನಿವಾರ ಸಂಜೆ ಗಾಂಧಿ ಬಜಾರಿನ ತನಕ ನಡೆಸಿಕೊಂಡು ಹೋಗೋದು. ತಪ್ಪು ಹಿಡಿದರೆ ಒಂದು ರೂಪಾಯಿ. ‘ಸಸ್ಯಹಾರಿ’, ‘ಮಾಂಸಹಾರಿ’ ಎರಡೂ ಒಂದೇ ಹೋಟೆಲಿನ ಬೋರ್ಡಿನಲ್ಲಿ ಸಿಕ್ಕವು. ಒಂದು ಫ್ಲೆಕ್ಸಿನ ಮುಂದೆ ಪುಟ್ಟ ನಿಂತುಬಿಟ್ಟ. ‘ಹುಟ್ಟುಹಬ್ಬದ ಶುಭಾಷಯಗಳು’. ಬೆರಳು ಎತ್ತಿ ಗಾಳಿಯಲ್ಲೇ ಹಿಂದಿನಿಂದ ಎಣಿಸಿದ. “ಷ ಪಕ್ಕ ಟ ಇಲ್ಲ, ಣ ಇಲ್ಲ ಮಿಸ್. ಇದು ಶ ಅಲ್ವಾ?” ಷ ಒಂಟಿಯಾಗೂ ಬರುತ್ತೆ, ವಿಷ, ಭಾಷೆ ಇದೆಯಲ್ಲ. ಅವನ ಕಾರಣ ತಪ್ಪು, ಉತ್ತರ ಸರಿ. ರೂಪಾಯಿ ಕೊಟ್ಟೆ.

ಆ ಸಂಜೆ ನನಗೆ 43 ರೂಪಾಯಿ ಖರ್ಚು. ಅದರಲ್ಲಿ ಕೊನೆಯ ರೂಪಾಯಿ ನಮ್ಮ ಮನೆ ಗೇಟಿನ ಹತ್ತಿರ ಹೋಯಿತು. ಐದು ವರ್ಷದಿಂದ ಅಲ್ಲಿ ನನ್ನ ಟ್ಯೂಷನ್ ಬೋರ್ಡ್ ನೇತಾಡ್ತಿದೆ. ದಿನಾ ಅದರ ಕೆಳಗೇ ಓಡಾಡುತ್ತೇನೆ. ಪುಟ್ಟ ಚಪ್ಪಲಿ ಬಿಡುತ್ತಾ ತಲೆ ಎತ್ತಿ, “ಮಿಸ್, ‘ಪ್ರೌಡಶಾಲೆ’ಗೆ ಹೊಟ್ಟೆ ಸೀಳಿಲ್ಲ” ಅಂದ. ಪೇಂಟರ್ ಆ ಒಂದು ಗೀಟಿಗೆ 300 ಕೇಳಿದ.